ಜೀರ್ಣಾಂಗಗಳ ರಕ್ತನಾಳಗಳ ಉರಿಯೂತ ಮತ್ತು ಅದರ ರೋಗನಿರ್ಣಯ

ಹೊಟ್ಟೆನೋವು ಬಾರದ ಮನುಷ್ಯನಿಲ್ಲ. ಅಜೀರ್ಣ, ಆಮ್ಲಪಿತ್ತ, ಆಮಶಂಕೆ, ಜಂತುಹುಳುಗಳ ಬಾಧೆ, ಕಲುಷಿತ ನೀರಿನಿಂದ ಬರುವ ಭೇದಿ ಮುಂತಾದವು ಅದರ ಸಾಮಾನ್ಯ ಕಾರಣಗಳು. ಇವುಗಳಲ್ಲಿ ಹೆಚ್ಚಿನವು ಕೆಲವು ದಿನಗಳಲ್ಲಿಯೇ ವಾಸಿಯಾಗುತ್ತವೆ. ಆದರೆ ಅಪರೂಪಕ್ಕೊಮ್ಮೆ ನೋವಿನ ಮೂಲವು ಜಠರದಲ್ಲಾಗಲಿ ಕರುಳಿನಲ್ಲಾಗಲಿ ಇರದೆ, ಅವುಗಳಿಗೆ ರಕ್ತವನ್ನು ಒಯ್ಯುವ ನಾಳಗಳಲ್ಲಿ ಇರುತ್ತದೆ. ಈ ನಾಳಗಳ ಗೋಡೆಯಲ್ಲಿ ಉಂಟಾಗುವ ಉರಿಯೂತವನ್ನು ವೈದ್ಯರು ವ್ಯಾಸ್ಕ್ಯುಲೈಟಿಸ್ ಎಂದು ಕರೆಯುತ್ತಾರೆ. ರೋಗವು ಅಪರೂಪವಾದುದರಿಂದಲೇ ಅದರ ನಿರ್ಣಯ ತಡವಾಗುತ್ತದೆ. ತಡವಾದುದರಿಂದಲೇ ಅದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡುತ್ತದೆ.

ಒಂದು ಕಲ್ಪಿತ ಉದಾಹರಣೆಯಿಂದ ಈ ಮಾತು ಸ್ಪಷ್ಟವಾಗುತ್ತದೆ. ಪುಣೆ ನಗರದ ಕಟ್ಟಡ ಕಾಮಗಾರಿಗಳಲ್ಲಿ ದುಡಿಯಲು ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಕುಟುಂಬಗಳು ಅನೇಕ. ಇವರಲ್ಲಿ ಸುಮಾರು ನಲವತ್ತು ವರ್ಷದ ಗಾರೆ ಕೆಲಸಗಾರನೊಬ್ಬನಿಗೆ ಊಟವಾದ ಅರ್ಧ ಗಂಟೆಯಲ್ಲಿ ಹೊಕ್ಕುಳ ಸುತ್ತ ನೋವು ಕಾಣಿಸಿಕೊಳ್ಳುತ್ತದೆಂದು ಭಾವಿಸೋಣ. ನೋವಿಗೆ ಹೆದರಿ ಆತ ರೊಟ್ಟಿಯನ್ನು ಅರ್ಧಕ್ಕೇ ಬಿಡುತ್ತಾನೆ. ಮೂರು ತಿಂಗಳಲ್ಲಿ ತೂಕ ಎಂಟು ಕಿಲೋಗ್ರಾಂ ಇಳಿಯುತ್ತದೆ. ನಡೆಯುವಾಗ ಬಲಗಾಲಿನ ಚಪ್ಪಲಿ ಅರಿವಿಗೆ ಬಾರದಂತೆ ಜಾರಿ ಹಿಂದೆ ಉಳಿಯುತ್ತದೆ. ಕಾಲಿನ ಚರ್ಮದ ಮೇಲೆ ಬಲೆಯಂತಹ ನೇರಳೆ ಗೆರೆಗಳು ಮೂಡುತ್ತವೆ. ಹೊಟ್ಟೆಗೆಂದು ಒಬ್ಬ ವೈದ್ಯರು ಆಮ್ಲ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಕಾಲಿಗೆಂದು ಮತ್ತೊಬ್ಬರು ಶಕ್ತಿಯ ಸೂಜಿಮದ್ದು ಕೊಡುತ್ತಾರೆ. ಚರ್ಮಕ್ಕೆ ಔಷಧಿ ಅಂಗಡಿಯ ಮುಲಾಮು ಬರುತ್ತದೆ. ಮೂರು ತೊಂದರೆಗಳಿಗೆ ಮೂರು ಚಿಕಿತ್ಸೆ ನಡೆಯುತ್ತದೆ. ವಾಸ್ತವವಾಗಿ ಅಲ್ಲಿರುವುದು ಒಂದೇ ರೋಗ. ಆ ಮೂರನ್ನೂ ಒಟ್ಟಿಗೆ ಕೇಳಿಕೊಂಡವರು ಯಾರೂ ಇಲ್ಲದಿರುವುದೇ ಇಲ್ಲಿಯ ತೊಡಕು.

ಜೀರ್ಣಾಂಗಗಳಿಗೆ ರಕ್ತದ ಪೂರೈಕೆ

ಪುಣೆಯ ಪಶ್ಚಿಮಕ್ಕೆ ಮುಠಾ ನದಿಗೆ ಕಟ್ಟಿರುವ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಹೊರಡುವ ಬಲದಂಡೆ ಕಾಲುವೆಯು ನಗರವನ್ನು ಹಾದು ದೌಂಡ್, ಇಂದಾಪುರ ತಾಲ್ಲೂಕುಗಳ ಕಡೆಗೆ ಹರಿಯುತ್ತದೆ. ಮುಖ್ಯ ಕಾಲುವೆಯಿಂದ ಉಪಕಾಲುವೆಗಳು, ಅವುಗಳಿಂದ ಹೊಲಗಾಲುವೆಗಳು ಒಡೆಯುತ್ತವೆ. ಮುಖ್ಯ ಕಾಲುವೆ ಕಟ್ಟಿಕೊಂಡರೆ ಇಡೀ ತಾಲ್ಲೂಕು ಒಣಗುತ್ತದೆ. ಹೊಲಗಾಲುವೆ ಕಟ್ಟಿಕೊಂಡರೆ ಒಂದು ಮಡಿ ಮಾತ್ರ ಬಾಡುತ್ತದೆ. ದೇಹದಲ್ಲಿ ರಕ್ತದ ಹಂಚಿಕೆಯೂ ಬಹುಮಟ್ಟಿಗೆ ಇದೇ ರೀತಿಯದು.

ಹೃದಯದಿಂದ ಹೊರಡುವ ಮಹಾಪಧಮನಿಯು ಹೊಟ್ಟೆಯ ಭಾಗದಲ್ಲಿ ಇಳಿಯುವಾಗ ಜೀರ್ಣಾಂಗಗಳಿಗಾಗಿ ಮೂರು ದೊಡ್ಡ ಕವಲುಗಳನ್ನು ಕೊಡುತ್ತದೆ. ಮೊದಲನೆಯದು ಜಠರ, ಯಕೃತ್ತು, ಗುಲ್ಮಗಳ ಕಡೆಗೆ ಹೋಗುತ್ತದೆ. ಎರಡನೆಯದು ಸಣ್ಣಕರುಳಿನ ಬಹುಭಾಗಕ್ಕೂ ದೊಡ್ಡಕರುಳಿನ ಮೊದಲರ್ಧಕ್ಕೂ ರಕ್ತವನ್ನು ಒಯ್ಯುತ್ತದೆ. ಮೂರನೆಯದು ದೊಡ್ಡಕರುಳಿನ ಉಳಿದ ಭಾಗವನ್ನು ಪೋಷಿಸುತ್ತದೆ. ವಿಶ್ರಾಂತಿಯಲ್ಲಿರುವಾಗ ಹೃದಯವು ಹೊರದೂಡುವ ರಕ್ತದ ಸುಮಾರು ನಾಲ್ಕನೆಯ ಒಂದು ಭಾಗ ಜೀರ್ಣಾಂಗಗಳಿಗೆ ಹೋಗುತ್ತದೆ. ಊಟ ಮಾಡಿದ ನಂತರ ಈ ಪ್ರಮಾಣ ಇನ್ನೂ ಹೆಚ್ಚುತ್ತದೆ.

ನಾಳಗಳು ಕಿರಿದಾಗಿದ್ದರೆ ಊಟದ ನಂತರದ ಈ ಹೆಚ್ಚಿನ ಬೇಡಿಕೆಯನ್ನು ಪೂರೈಸಲು ಆಗುವುದಿಲ್ಲ. ಊಟವಾದೊಡನೆ ನೋವು ಬರುವುದಕ್ಕೆ ಕಾರಣ ಇದೇ. ರಕ್ತದ ಹರಿವು ಸಂಪೂರ್ಣವಾಗಿ ನಿಂತರೆ ಸುಮಾರು ಆರು ಗಂಟೆಗಳಲ್ಲಿ ಕರುಳಿನ ಆ ಭಾಗಕ್ಕೆ ಮರಳಿ ಸರಿಪಡಿಸಲಾಗದ ಹಾನಿ ಆಗಬಹುದು. ಆಗ ಅದನ್ನು ಕತ್ತರಿಸಿ ತೆಗೆಯುವುದಲ್ಲದೆ ಬೇರೆ ಮಾರ್ಗ ಉಳಿಯುವುದಿಲ್ಲ.

ರಕ್ತನಾಳಗಳ ಉರಿಯೂತವೆಂದರೇನು?

ರೋಗಾಣುಗಳಿಂದ ದೇಹವನ್ನು ಕಾಪಾಡುವುದು ರಕ್ತದ ಬಿಳಿಯ ಕಣಗಳ ಮತ್ತು ಪ್ರತಿಕಾಯಗಳ ಕೆಲಸ. ಕೆಲವೊಮ್ಮೆ ಈ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ದೇಹದ ಸ್ವಂತ ರಕ್ತನಾಳಗಳ ಗೋಡೆಯ ಮೇಲೆ ದಾಳಿ ಮಾಡುತ್ತದೆ. ಗೋಡೆ ಊದಿಕೊಂಡಾಗ ಒಳಗಿನ ದಾರಿ ಕಿರಿದಾಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲಬಹುದು. ಗೋಡೆ ಶಿಥಿಲವಾದ ಕಡೆ ಅದು ಗುಳ್ಳೆಯಂತೆ ಉಬ್ಬಬಹುದು. ಆ ಉಬ್ಬು ಒಡೆದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತದೆ. ಹೀಗೆ ಕಟ್ಟಿಕೊಳ್ಳುವುದು ಮತ್ತು ಒಡೆಯುವುದು ಎಂಬ ಎರಡು ಅಪಾಯಗಳೂ ಈ ರೋಗದಲ್ಲಿವೆ.

ಹೆಚ್ಚಿನ ಸಂದರ್ಭಗಳಲ್ಲಿ ನಿಖರವಾದ ಕಾರಣ ಗೊತ್ತಾಗುವುದಿಲ್ಲ. ಕೆಲವರಲ್ಲಿ ಸೋಂಕು, ಕೆಲವರಲ್ಲಿ ಔಷಧಿ, ಮತ್ತೆ ಕೆಲವರಲ್ಲಿ ಲೂಪಸ್‌ನಂತಹ ಇನ್ನೊಂದು ರೋಗವು ಅದಕ್ಕೆ ಪ್ರಚೋದನೆಯಾಗಿರುತ್ತದೆ. ಇದು ಸ್ಪರ್ಶದಿಂದ ಹರಡುವ ರೋಗವಲ್ಲ. ರೋಗಿಯನ್ನು ಮನೆಯಲ್ಲಿ ಪ್ರತ್ಯೇಕವಾಗಿ ಇರಿಸಬೇಕಾದ ಅಗತ್ಯವಿಲ್ಲ.

ಬಾಧಿತವಾದ ನಾಳಗಳ ಗಾತ್ರವನ್ನು ಅನುಸರಿಸಿ ಈ ರೋಗಗಳನ್ನು ದೊಡ್ಡ, ಮಧ್ಯಮ ಮತ್ತು ಸಣ್ಣ ನಾಳಗಳ ಉರಿಯೂತವೆಂದು ವಿಂಗಡಿಸಲಾಗಿದೆ. ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ನಡೆದ ತಜ್ಞರ ಸಮಾವೇಶದಲ್ಲಿ ರೂಪುಗೊಂಡು 1994ರಲ್ಲಿ ಪ್ರಕಟವಾದ ಈ ವಿಂಗಡಣೆಯನ್ನು 2012ರ ಸಮಾವೇಶದಲ್ಲಿ ಪರಿಷ್ಕರಿಸಲಾಯಿತು.

ಇತಿಹಾಸದ ಒಂದು ಪುಟ

ಈ ರೋಗದ ಮೊದಲ ವಿಸ್ತೃತ ವರ್ಣನೆ 1866ರಲ್ಲಿ ಜರ್ಮನಿಯ ಫ್ರೈಬರ್ಗ್‌ನಿಂದ ಪ್ರಕಟವಾಯಿತು. ವೈದ್ಯ ಅಡಾಲ್ಫ್ ಕುಸ್‌ಮೌಲ್ ಮತ್ತು ರೋಗಶಾಸ್ತ್ರಜ್ಞ ರುಡಾಲ್ಫ್ ಮೇಯರ್ ಅದನ್ನು ಬರೆದವರು. ಅವರ ರೋಗಿ 27 ವರ್ಷದ ಒಬ್ಬ ದರ್ಜಿ. ಅವನಿಗೆ ಹೊಟ್ಟೆನೋವು, ಕೈಕಾಲುಗಳ ಜೋಮು, ಸ್ನಾಯುಗಳ ನಿಶ್ಶಕ್ತಿ, ಮೂತ್ರಪಿಂಡಗಳ ತೊಂದರೆ ಇವೆಲ್ಲವೂ ಒಟ್ಟಿಗೆ ಇದ್ದವು. ಅವನ ಮರಣಾನಂತರ ದೇಹವನ್ನು ಪರೀಕ್ಷಿಸಿದಾಗ ಅಪಧಮನಿಗಳ ಉದ್ದಕ್ಕೂ ಗಂಟುಗಳು ಕಂಡುಬಂದವು. ಬೇರೆ ಬೇರೆ ಅಂಗಗಳ ತೊಂದರೆಗಳಿಗೆ ಒಂದೇ ಮೂಲ ಇರಬಹುದೆಂಬ ಪಾಠವನ್ನು ಆ ದರ್ಜಿಯ ರೋಗವು ವೈದ್ಯಲೋಕಕ್ಕೆ ಕಲಿಸಿತು. ಇದೇ ಕುಸ್‌ಮೌಲ್ 1868ರಲ್ಲಿ ಕತ್ತಿ ನುಂಗುವ ಆಟಗಾರನೊಬ್ಬನ ನೆರವಿನಿಂದ ನೇರವಾದ ಕೊಳವೆಯನ್ನು ಇಳಿಸಿ ಜಠರವನ್ನು ನೋಡುವ ಪ್ರಯತ್ನ ಮಾಡಿದರು. ಇಂದಿನ ಎಂಡೋಸ್ಕೋಪಿಯ ಆರಂಭದ ಹೆಜ್ಜೆಗಳಲ್ಲಿ ಅದೂ ಒಂದು.

ಜೀರ್ಣಾಂಗಗಳನ್ನು ಬಾಧಿಸುವ ಮುಖ್ಯ ಬಗೆಗಳು

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ಐ.ಜಿ.ಎ. ವ್ಯಾಸ್ಕ್ಯುಲೈಟಿಸ್. ಹಿಂದೆ ಇದಕ್ಕೆ ಹೆನೋಕ್-ಶೋನ್‌ಲೈನ್ ಪರ್ಪುರಾ ಎಂಬ ಹೆಸರಿತ್ತು. ಸಾಮಾನ್ಯವಾಗಿ ನೆಗಡಿ ಅಥವಾ ಗಂಟಲುನೋವಿನ ನಂತರ ಕಾಲುಗಳ ಮೇಲೆ ಮತ್ತು ಪೃಷ್ಠದ ಮೇಲೆ ಕೈಗೆ ತಗಲುವಂತಹ ಕೆಂಪು-ನೇರಳೆ ಕಲೆಗಳು ಏಳುತ್ತವೆ. ಗಾಜಿನ ಲೋಟದಿಂದ ಒತ್ತಿದರೂ ಈ ಕಲೆಗಳು ಮಾಸುವುದಿಲ್ಲ. ಕೀಲುಗಳು ನೋಯುತ್ತವೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಹೊಟ್ಟೆನೋವು ಇರುತ್ತದೆ. ಕೆಲವರಲ್ಲಿ ಹೊಟ್ಟೆನೋವು ಮೊದಲು ಬಂದು, ಕಲೆಗಳು ಒಂದೆರಡು ವಾರ ತಡವಾಗಿ ಕಾಣಿಸಿಕೊಳ್ಳುವುದುಂಟು. ಇಂತಹ ಮಗುವಿಗೆ ಅಪೆಂಡಿಕ್ಸ್ ತೊಂದರೆಯೆಂದು ಶಸ್ತ್ರಚಿಕಿತ್ಸೆ ಮಾಡಿರುವ ಸಂದರ್ಭಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅಪರೂಪವಾಗಿ ಕರುಳಿನ ಒಂದು ಭಾಗ ಮತ್ತೊಂದರೊಳಗೆ ಸೇರಿಕೊಳ್ಳಬಹುದು. ಬಹುಪಾಲು ಮಕ್ಕಳು ಕೆಲವು ವಾರಗಳಲ್ಲಿ ಗುಣಮುಖರಾಗುತ್ತಾರೆ. ಆದರೆ ಕೆಲವರಲ್ಲಿ ಮೂತ್ರಪಿಂಡಗಳು ಸದ್ದಿಲ್ಲದೆ ಬಾಧಿತವಾಗುವುದರಿಂದ, ಹೊಟ್ಟೆ ಮತ್ತು ಚರ್ಮ ಸರಿಹೋದ ಮೇಲೂ ಕನಿಷ್ಠ ಆರು ತಿಂಗಳ ಕಾಲ ಮೂತ್ರಪರೀಕ್ಷೆ ಮತ್ತು ರಕ್ತದೊತ್ತಡದ ಪರೀಕ್ಷೆ ಮಾಡಿಸುತ್ತಿರಬೇಕು.

ಮಧ್ಯಮ ಗಾತ್ರದ ನಾಳಗಳನ್ನು ಹಿಡಿಯುವ ರೋಗ ಪಾಲಿಆರ್ಟರೈಟಿಸ್ ನೋಡೋಸಾ. ಫ್ರೈಬರ್ಗ್‌ನ ದರ್ಜಿಯ ರೋಗಕ್ಕೆ ಮುಂದೆ ಬಂದ ಹೆಸರು ಇದೇ. ಇದು ಹೆಚ್ಚಾಗಿ ಮಧ್ಯವಯಸ್ಕರನ್ನು ಕಾಡುತ್ತದೆ. ಜ್ವರ, ತೂಕ ಇಳಿಯುವುದು, ಹೊಸದಾಗಿ ಕಾಣಿಸಿಕೊಂಡ ಅಧಿಕ ರಕ್ತದೊತ್ತಡ, ಪಾದ ಅಥವಾ ಮಣಿಕಟ್ಟು ಇದ್ದಕ್ಕಿದ್ದಂತೆ ಜೋಲುಬೀಳುವುದು, ಪುರುಷರಲ್ಲಿ ವೃಷಣದ ನೋವು, ಊಟದ ನಂತರದ ಹೊಟ್ಟೆನೋವು ಇದರ ಲಕ್ಷಣಗಳು. ಈ ರೋಗದ ಗಂಭೀರತೆಯನ್ನು ಅಳೆಯಲು ಫ್ರಾನ್ಸಿನ ತಜ್ಞರು 1996ರಲ್ಲಿ ಐದು ಅಂಶಗಳ ಒಂದು ಮಾಪನವನ್ನು ಸೂಚಿಸಿದರು. ಜೀರ್ಣಾಂಗಗಳು ಬಾಧಿತವಾಗಿರುವುದು ಆ ಐದರಲ್ಲಿ ಒಂದು.

ದೊಡ್ಡ ನಾಳಗಳ ಉರಿಯೂತಗಳಲ್ಲಿ ಭಾರತದಲ್ಲಿ ಗಮನಿಸಬೇಕಾದುದು ಟಕಾಯಾಸು ರೋಗ. ಜಪಾನಿನ ನೇತ್ರವೈದ್ಯ ಮಿಕಿಟೊ ಟಕಾಯಾಸು 1908ರಲ್ಲಿ ಇದನ್ನು ವರ್ಣಿಸಿದರು. ಇದು ಹೆಚ್ಚಾಗಿ ಯುವತಿಯರಲ್ಲಿ ಕಂಡುಬರುತ್ತದೆ. ಒಂದು ಕೈಯ ನಾಡಿ ಕ್ಷೀಣವಾಗಿರುವುದು, ಎರಡು ಕೈಗಳ ರಕ್ತದೊತ್ತಡದಲ್ಲಿ ವ್ಯತ್ಯಾಸ, ಕೈ ದಣಿಯುವುದು ಇದರ ಸುಳಿವುಗಳು. ಭಾರತೀಯ ರೋಗಿಗಳಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿಯು ಬಾಧಿತವಾಗುವುದು ಹೆಚ್ಚು. ಆದರೂ ನಾಳಗಳು ನಿಧಾನವಾಗಿ ಕಿರಿದಾಗುವುದರಿಂದ ಪಕ್ಕದ ನಾಳಗಳು ಬೆಳೆದು ಕರುಳನ್ನು ಬಹುಮಟ್ಟಿಗೆ ಕಾಪಾಡುತ್ತವೆ.

ಇವಲ್ಲದೆ ಲೂಪಸ್ ರೋಗವು ಕರುಳಿನ ಸಣ್ಣ ನಾಳಗಳನ್ನು ಬಾಧಿಸಬಹುದು. ಬಾಯಿಯಲ್ಲಿ ಮತ್ತು ಗುಪ್ತಾಂಗಗಳಲ್ಲಿ ಮರುಕಳಿಸುವ ಹುಣ್ಣು, ಕಣ್ಣಿನ ಉರಿಯೂತಗಳೊಂದಿಗೆ ಬರುವ ಬೆಹ್ಚೆಟ್ ರೋಗವು ಸಣ್ಣಕರುಳು ಮತ್ತು ದೊಡ್ಡಕರುಳು ಕೂಡುವಲ್ಲಿ ಆಳವಾದ ಹುಣ್ಣುಗಳನ್ನು ಉಂಟುಮಾಡುತ್ತದೆ. ಮೂಗು, ಶ್ವಾಸಕೋಶ ಮತ್ತು ಮೂತ್ರಪಿಂಡಗಳನ್ನು ಹಿಡಿಯುವ ‘ಆಂಕಾ’ ಪ್ರತಿಕಾಯದ ಉರಿಯೂತಗಳಲ್ಲಿಯೂ ಕೆಲವರಿಗೆ ಕರುಳಿನ ತೊಂದರೆ ಬರುತ್ತದೆ.

ರೋಗದ ಸುಳಿವುಗಳು

ಕೇವಲ ಹೊಟ್ಟೆನೋವಿನಿಂದ ಈ ರೋಗವನ್ನು ಗುರುತಿಸಲು ಸಾಧ್ಯವಿಲ್ಲ. ಹೊಟ್ಟೆನೋವಿನ ಜೊತೆಯಲ್ಲಿ ಬೇರೇನಿದೆ ಎಂಬುದೇ ಮುಖ್ಯ. ಹೊಟ್ಟೆನೋವಿನೊಂದಿಗೆ ಕೆಳಗಿನವುಗಳಲ್ಲಿ ಎರಡು ಮೂರು ಸೇರಿದ್ದರೆ ಅದನ್ನು ಸಾಧಾರಣ ಅಜೀರ್ಣವೆಂದು ತಳ್ಳಿಹಾಕಬಾರದು:

1. ವಾರಗಟ್ಟಲೆ ಬರುವ ಜ್ವರ ಮತ್ತು ಕಾರಣವಿಲ್ಲದೆ ತೂಕ ಇಳಿಯುವುದು.
2. ಕಾಲಿನ ಮೇಲೆ ನೇರಳೆ ಕಲೆ, ಬಲೆಯಂತಹ ಗೆರೆ, ನೋವಿನ ಗಂಟು ಅಥವಾ ವಾಸಿಯಾಗದ ಹುಣ್ಣು.
3. ಕೈಕಾಲಿನ ಒಂದು ಭಾಗದಲ್ಲಿ ಜೋಮು, ಚಪ್ಪಲಿ ಜಾರುವುದು, ಹಿಡಿತ ತಪ್ಪುವುದು.
4. ಕಿರಿಯ ವಯಸ್ಸಿನಲ್ಲಿ ಅಥವಾ ಇತ್ತೀಚೆಗೆ ಒಮ್ಮೆಲೇ ಕಾಣಿಸಿಕೊಂಡ ಅಧಿಕ ರಕ್ತದೊತ್ತಡ.
5. ಮೂತ್ರದಲ್ಲಿ ರಕ್ತ ಅಥವಾ ನೊರೆ. ಮುಖ ಮತ್ತು ಪಾದಗಳ ಊತ.
6. ಕೀಲುನೋವು, ಬಾಯಿಹುಣ್ಣು, ಕಣ್ಣು ಕೆಂಪಾಗುವುದು.

ಈ ಪಟ್ಟಿಯನ್ನು ಓದಿ ಪ್ರತಿಯೊಂದು ನೋವಿಗೂ ಹೆದರಬೇಕಾಗಿಲ್ಲ. ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ 1996ರಲ್ಲಿ ಪುಣೆಯ ಸಂಧಿವಾತ ರೋಗಗಳ ಕೇಂದ್ರದವರು ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ ಮೈಕೈ ನೋವುಗಳ ಸಮೀಕ್ಷೆ ನಡೆಸಿದರು. ನೋವಿದ್ದವರಲ್ಲಿ ಬಹುಪಾಲು ಮಂದಿಗೆ ಇದ್ದುದು ಸಾಮಾನ್ಯ ಸ್ವರೂಪದ ನೋವು. ಕೀಲುಗಳ ಉರಿಯೂತದ ಪ್ರಮುಖ ರೋಗವಾದ ಆಮವಾತವು ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಮಾತ್ರ ಇದ್ದಿತು. ರಕ್ತನಾಳಗಳ ಉರಿಯೂತವು ಅದಕ್ಕಿಂತಲೂ ಬಹಳ ಅಪರೂಪ. ಆದುದರಿಂದ ಬೇಕಾದುದು ಭಯವಲ್ಲ. ಸುಳಿವುಗಳನ್ನು ಜೋಡಿಸಿ ನೋಡುವ ಎಚ್ಚರ.

ತುರ್ತು ಲಕ್ಷಣಗಳು ಮಾತ್ರ ಬೇರೆ. ಇದ್ದಕ್ಕಿದ್ದಂತೆ ಬಂದ ಸಹಿಸಲಾರದ ನೋವು, ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಅಥವಾ ರಕ್ತಮಿಶ್ರಿತ ಮಲ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಯಾವುದೊಂದು ಕಂಡರೂ ರೋಗಿಯನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಹೊಟ್ಟೆಯನ್ನು ಒತ್ತಿ ನೋಡಿದಾಗ ಮೃದುವಾಗಿದ್ದರೂ ರೋಗಿ ನೋವಿನಿಂದ ಹೊರಳಾಡುತ್ತಿದ್ದರೆ ಕರುಳಿಗೆ ರಕ್ತ ನಿಂತಿರುವ ಸಂಭವವಿದೆ.

ರೋಗನಿರ್ಣಯದ ಹಂತಗಳು

ಈ ರೋಗವನ್ನು ತಾನೊಂದೇ ಖಚಿತಪಡಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ. ವೈದ್ಯರು ಹಲವು ಸಾಕ್ಷ್ಯಗಳನ್ನು ಕೂಡಿಸಿ ತೀರ್ಮಾನಕ್ಕೆ ಬರಬೇಕಾಗುತ್ತದೆ.

ಮೊದಲನೆಯ ಹಂತ ರೋಗಿಯ ಮಾತನ್ನು ಪೂರ್ತಿಯಾಗಿ ಕೇಳುವುದು ಮತ್ತು ತಲೆಯಿಂದ ಪಾದದವರೆಗೆ ಪರೀಕ್ಷಿಸುವುದು. ಎರಡೂ ಕೈಗಳ ರಕ್ತದೊತ್ತಡ, ಕೈಕಾಲುಗಳ ನಾಡಿ, ಚರ್ಮ, ಬಾಯಿ, ಕಣ್ಣು, ಪಾದ ಎತ್ತುವ ಶಕ್ತಿ ಇವುಗಳನ್ನು ನೋಡಲು ದುಬಾರಿ ಯಂತ್ರಗಳು ಬೇಕಿಲ್ಲ. ಮೇಲೆ ಹೇಳಿದ ಗಾರೆ ಕೆಲಸಗಾರನ ರಕ್ತದೊತ್ತಡವನ್ನು ಅಳೆದು, ಬರಿಗಾಲಿನಲ್ಲಿ ಹಿಮ್ಮಡಿಯ ಮೇಲೆ ನಡೆಯಲು ಹೇಳಿದ್ದರೆ ಸಂದೇಹ ಅಂದೇ ಮೂಡುತ್ತಿತ್ತು.

ಎರಡನೆಯ ಹಂತ ಪ್ರಯೋಗಾಲಯದ ಪರೀಕ್ಷೆಗಳು. ರಕ್ತಕಣಗಳ ಎಣಿಕೆ, ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಪರೀಕ್ಷೆಗಳು ದೇಹದಲ್ಲಿ ಉರಿಯೂತವಿದೆಯೆಂದು ತೋರಿಸುತ್ತವೆ. ಎಲ್ಲಿದೆ, ಏಕಿದೆ ಎಂದು ಹೇಳಲಾರವು. ಮೂತ್ರಪರೀಕ್ಷೆ ಮತ್ತು ಕ್ರಿಯೇಟಿನಿನ್ ಪರೀಕ್ಷೆಗಳಿಂದ ಮೂತ್ರಪಿಂಡಗಳ ಸ್ಥಿತಿ ತಿಳಿಯುತ್ತದೆ. ಮೂತ್ರಪರೀಕ್ಷೆಯು ಅತಿ ಅಗ್ಗವಾದರೂ ಅತಿ ಬೆಲೆಯುಳ್ಳದ್ದು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡಲಾಗುತ್ತದೆ. ಆಂಕಾ ಮತ್ತು ಲೂಪಸ್‌ಗೆ ಸಂಬಂಧಿಸಿದ ಪ್ರತಿಕಾಯಗಳ ಪರೀಕ್ಷೆಗಳು ರೋಗದ ಬಗೆಯನ್ನು ತಿಳಿಯಲು ನೆರವಾಗುತ್ತವೆ. ಪಾಲಿಆರ್ಟರೈಟಿಸ್ ನೋಡೋಸಾದಲ್ಲಿ ಆಂಕಾ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ಸಂದೇಹವನ್ನು ಕೈಬಿಡಬಾರದು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್.ಐ.ವಿ. ಪರೀಕ್ಷೆಗಳನ್ನು ಚಿಕಿತ್ಸೆ ಆರಂಭಿಸುವ ಮುನ್ನವೇ ಮಾಡಿಸಬೇಕು.

ಮೂರನೆಯ ಹಂತ ಚಿತ್ರಣ. ಮಕ್ಕಳಲ್ಲಿ ಅಲ್ಟ್ರಾಸೌಂಡ್ ಪರೀಕ್ಷೆಯೇ ಮೊದಲ ಆಯ್ಕೆ. ಕರುಳಿನ ಗೋಡೆಯ ಊತವನ್ನೂ ಕರುಳು ಕರುಳಿನೊಳಗೆ ಸೇರಿರುವುದನ್ನೂ ಅದು ತೋರಿಸುತ್ತದೆ. ವಯಸ್ಕರಲ್ಲಿ ನಾಳಕ್ಕೆ ವರ್ಣದ್ರವ್ಯ ಕೊಟ್ಟು ಮಾಡುವ ಸಿ.ಟಿ. ಆಂಜಿಯೋಗ್ರಾಂ ಹೆಚ್ಚು ಉಪಯುಕ್ತ. ನಾಳಗಳ ಕಿರಿದಾದ ಮತ್ತು ಉಬ್ಬಿದ ಭಾಗಗಳು ಅದರಲ್ಲಿ ಕಾಣುತ್ತವೆ. ತೀರ ಸಣ್ಣ ಉಬ್ಬುಗಳನ್ನು ನೋಡಲು ತೊಡೆಯ ಸಂದಿನ ಅಥವಾ ಕೈಯ ಅಪಧಮನಿಯ ಮೂಲಕ ತೆಳುವಾದ ಕೊಳವೆ ತೂರಿಸಿ ಮಾಡುವ ಆಂಜಿಯೋಗ್ರಾಂ ಇನ್ನೂ ಸ್ಪಷ್ಟವಾದುದು. ಮೂತ್ರಪಿಂಡ ಮತ್ತು ಕರುಳಿನ ನಾಳಗಳ ಮೇಲೆ ಮಣಿಗಳನ್ನು ಪೋಣಿಸಿದಂತೆ ಕಾಣುವ ಸಣ್ಣ ಉಬ್ಬುಗಳು ಪಾಲಿಆರ್ಟರೈಟಿಸ್ ನೋಡೋಸಾದ ಬಲವಾದ ಸಾಕ್ಷ್ಯ.

ನಾಲ್ಕನೆಯ ಹಂತ ಎಂಡೋಸ್ಕೋಪಿ ಮತ್ತು ಬಯಾಪ್ಸಿ. ಎಂಡೋಸ್ಕೋಪಿಯಿಂದ ಜಠರ ಮತ್ತು ಕರುಳಿನ ಒಳಪೊರೆಯ ಮೇಲಿನ ಹುಣ್ಣು, ಕೆಂಪು ಕಲೆ, ರಕ್ತಸ್ರಾವಗಳು ಕಾಣುತ್ತವೆ. ಅಲ್ಲಿಂದ ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಆದರೆ ಆ ಚೂರು ಮೇಲ್ಪೊರೆಯದು. ಮಧ್ಯಮ ಗಾತ್ರದ ನಾಳಗಳು ಅದಕ್ಕಿಂತ ಆಳದಲ್ಲಿರುತ್ತವೆ. ಆದುದರಿಂದ ಎಂಡೋಸ್ಕೋಪಿಯ ಬಯಾಪ್ಸಿಯಲ್ಲಿ ಉರಿಯೂತ ಸಿಗದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಇಂತಹ ಸಂದರ್ಭದಲ್ಲಿ ಚರ್ಮ, ಸ್ನಾಯು ಅಥವಾ ಕಾಲಿನ ನರದಿಂದ ತೆಗೆದ ಚೂರು ಹೊಟ್ಟೆಯ ರೋಗವನ್ನು ಸಾಬೀತುಪಡಿಸುತ್ತದೆ. ಹೊಟ್ಟೆನೋವಿನ ರೋಗಿಗೆ ಕಾಲಿನ ಬಯಾಪ್ಸಿ ಏಕೆಂದು ಮನೆಯವರು ಅಚ್ಚರಿಪಡುವುದು ಸಹಜ, ಕಾರಣ ಇದೇ. ಪಿತ್ತಕೋಶ ಅಥವಾ ಅಪೆಂಡಿಕ್ಸನ್ನು ತೆಗೆದ ನಂತರ ಅದರ ಪರೀಕ್ಷೆಯಿಂದ ಈ ರೋಗ ಅನಿರೀಕ್ಷಿತವಾಗಿ ಬೆಳಕಿಗೆ ಬರುವುದೂ ಉಂಟು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವರದಿಯನ್ನು ಪಡೆಯುವುದು ಅದಕ್ಕಾಗಿಯೇ ಅವಶ್ಯ.

ಹೋಲುವ ಇತರ ರೋಗಗಳು

ಭಾರತದಲ್ಲಿ ಈ ರೋಗನಿರ್ಣಯವನ್ನು ಕಠಿಣಗೊಳಿಸುವುದು ಹೊಟ್ಟೆಯ ಕ್ಷಯ. ಜ್ವರ, ತೂಕ ಇಳಿಯುವುದು, ಹೊಟ್ಟೆನೋವು, ಕರುಳಿನ ಹುಣ್ಣು ಎರಡರಲ್ಲಿಯೂ ಇರುತ್ತವೆ. ಆದರೆ ಚಿಕಿತ್ಸೆಗಳು ಒಂದಕ್ಕೊಂದು ವಿರುದ್ಧ. ಕ್ಷಯವಿರುವವರಿಗೆ ರಕ್ತನಾಳಗಳ ಉರಿಯೂತವೆಂದು ಭಾವಿಸಿ ಸ್ಟೀರಾಯ್ಡ್ ಮಾತ್ರ ಕೊಟ್ಟರೆ ಕ್ಷಯ ಉಲ್ಬಣಿಸಬಹುದು. ರಕ್ತನಾಳಗಳ ಉರಿಯೂತವಿರುವವರಿಗೆ ಕ್ಷಯದ ಮಾತ್ರೆಗಳನ್ನು ತಿಂಗಳುಗಟ್ಟಲೆ ಕೊಟ್ಟರೆ ಕರುಳನ್ನು ಉಳಿಸಿಕೊಳ್ಳುವ ಕಾಲವೇ ಕೈಜಾರುತ್ತದೆ. ಆದುದರಿಂದ ಊಹೆಯ ಮೇಲೆ ಔಷಧಿ ಆರಂಭಿಸದೆ ಬಯಾಪ್ಸಿ ಮತ್ತು ಕ್ಷಯಾಣುವಿನ ಪರೀಕ್ಷೆಗಳನ್ನು ಮಾಡಿಸಲು ಸಾಧ್ಯವಿರುವಷ್ಟು ಪ್ರಯತ್ನಿಸಬೇಕು. ವಿಷಮಶೀತ ಜ್ವರ, ಕ್ರೋನ್ಸ್ ರೋಗ, ವಯೋಸಹಜವಾಗಿ ಕೊಬ್ಬು ಕಟ್ಟಿ ಕಿರಿದಾದ ನಾಳಗಳು, ಹೃದಯದ ಕವಾಟದ ಸೋಂಕು ಇವುಗಳನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ.

ಹೆಪಟೈಟಿಸ್ ಬಿ ಮತ್ತು ಪುಣೆಯ ಸಂಸ್ಥೆಗಳು

ಕಾರಣ ತಿಳಿದಿರುವ ಮತ್ತು ತಡೆಗಟ್ಟಬಹುದಾದ ಒಂದು ಬಗೆ ಈ ರೋಗಗಳಲ್ಲಿದೆ. ಹೆಪಟೈಟಿಸ್ ಬಿ ವೈರಸ್ಸಿಗೂ ಪಾಲಿಆರ್ಟರೈಟಿಸ್ ನೋಡೋಸಾಕ್ಕೂ ಸಂಬಂಧವಿರುವುದು 1970ರಲ್ಲಿ ತಿಳಿದುಬಂದಿತು. ವೈರಸ್ಸಿನ ಅಂಶಗಳೂ ಪ್ರತಿಕಾಯಗಳೂ ಒಂದಕ್ಕೊಂದು ಅಂಟಿಕೊಂಡು ನಾಳಗಳ ಗೋಡೆಯಲ್ಲಿ ತಂಗುವುದರಿಂದ ಉರಿಯೂತ ಉಂಟಾಗುತ್ತದೆ. ಸೋಂಕು ತಗಲಿದ ಮೊದಲ ಕೆಲವು ತಿಂಗಳುಗಳಲ್ಲಿ ಇದು ಕಾಣಿಸಿಕೊಳ್ಳುವುದು ಹೆಚ್ಚು. ಕಾಮಾಲೆಯ ಹಳದಿ ಬಣ್ಣ ಬಾರದೆಯೂ ಇರಬಹುದಾದುದರಿಂದ ರೋಗಿಗೆ ಸೋಂಕಿನ ಅರಿವೇ ಇರುವುದಿಲ್ಲ. ಫ್ರಾನ್ಸಿನಲ್ಲಿ 1970ರ ದಶಕದಲ್ಲಿ ಈ ರೋಗಿಗಳ ಪೈಕಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವರಿಗೆ ಹೆಪಟೈಟಿಸ್ ಬಿ ಇದ್ದಿತು. ಲಸಿಕೆ ಮತ್ತು ರಕ್ತದಾನಿಗಳ ತಪಾಸಣೆ ಜಾರಿಗೆ ಬಂದ ನಂತರ ಆ ಪ್ರಮಾಣ ಅರ್ಧಕ್ಕೂ ಕೆಳಗೆ ಇಳಿಯಿತು.

ಪುಣೆ ನಗರಕ್ಕೂ ಈ ವಿಷಯಕ್ಕೂ ಹತ್ತಿರದ ನಂಟಿದೆ. ಇಲ್ಲಿಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯು 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1978ರಲ್ಲಿ ಈಗಿನ ಹೆಸರನ್ನು ಪಡೆಯಿತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದಾಗ ಆ ಕಾಯಿಲೆಯ ವೈರಸ್ಸನ್ನು ಪತ್ತೆಹಚ್ಚಿದವರು ಈ ಕೇಂದ್ರದ ವಿಜ್ಞಾನಿಗಳೇ. ಯಕೃತ್ತಿನ ಉರಿಯೂತವನ್ನು ಉಂಟುಮಾಡುವ ವೈರಸ್ಸುಗಳ ಅಧ್ಯಯನವೂ ಈ ಸಂಸ್ಥೆಯ ಕಾರ್ಯಗಳಲ್ಲಿ ಸೇರಿದೆ. 1966ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸೀರಂ ಇನ್‌ಸ್ಟಿಟ್ಯೂಟ್ ಹೆಪಟೈಟಿಸ್ ಬಿ ಲಸಿಕೆಯನ್ನು ತಯಾರಿಸುತ್ತದೆ.

ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಪ್ರಮಾಣವನ್ನು ಮಗು ಹುಟ್ಟಿದ 24 ಗಂಟೆಗಳೊಳಗೆ, ಅನಂತರ 6, 10 ಮತ್ತು 14ನೆಯ ವಾರಗಳಲ್ಲಿ ಐದು ರೋಗಗಳ ಸಂಯುಕ್ತ ಲಸಿಕೆಯ ಮೂಲಕ ಉಚಿತವಾಗಿ ಕೊಡಲಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿಯಲ್ಲಿ ಪರೀಕ್ಷೆ ಮತ್ತು ಔಷಧಿಗಳು ನಿಗದಿತ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ಚಿಕಿತ್ಸೆ

ರೋಗದ ಬಗೆ ಮತ್ತು ತೀವ್ರತೆಯನ್ನು ಅನುಸರಿಸಿ ಚಿಕಿತ್ಸೆ ಬದಲಾಗುತ್ತದೆ. ಸೌಮ್ಯವಾದ ಐ.ಜಿ.ಎ. ವ್ಯಾಸ್ಕ್ಯುಲೈಟಿಸ್‌ನಲ್ಲಿ ವಿಶ್ರಾಂತಿ, ನೋವುನಿವಾರಣೆ ಮತ್ತು ನಿಗಾ ಸಾಕಾಗುತ್ತವೆ. ತೀವ್ರವಾದ ರೋಗಗಳಲ್ಲಿ ಸ್ಟೀರಾಯ್ಡ್ ಔಷಧಿಗಳ ಜೊತೆಗೆ ಸೈಕ್ಲೋಫಾಸ್ಫಮೈಡ್‌ನಂತಹ ಪ್ರಬಲ ಔಷಧಿಗಳನ್ನು ಕೊಡಬೇಕಾಗುತ್ತದೆ. ಆಂಕಾ ಬಗೆಯ ರೋಗದಲ್ಲಿ ರಿಟುಕ್ಸಿಮ್ಯಾಬ್ ಕೂಡ ಬಳಕೆಯಲ್ಲಿದೆ. ಕರುಳು ತೂತಾದರೆ ಅಥವಾ ಕೊಳೆತರೆ ಶಸ್ತ್ರಚಿಕಿತ್ಸೆ ಅನಿವಾರ್ಯ.

ಹೆಪಟೈಟಿಸ್ ಬಿ ಇದ್ದಾಗ ವೈರಸ್ ನಿರೋಧಕ ಔಷಧಿಯೇ ಚಿಕಿತ್ಸೆಯ ಆಧಾರ. ಸ್ಟೀರಾಯ್ಡನ್ನು ಅಲ್ಪಕಾಲ ಮಾತ್ರ ಕೊಟ್ಟು, ಅಗತ್ಯವಿದ್ದರೆ ರಕ್ತದ ಪ್ಲಾಸ್ಮಾವನ್ನು ಬದಲಿಸಲಾಗುತ್ತದೆ. ವೈರಸ್ ಇರುವುದನ್ನು ತಿಳಿಯದೆ ಸ್ಟೀರಾಯ್ಡನ್ನು ದೀರ್ಘಕಾಲ ಕೊಟ್ಟರೆ ವೈರಸ್ ಹೆಚ್ಚಿ ಯಕೃತ್ತು ಹಾಳಾಗುತ್ತದೆ. ಗಾರೆ ಕೆಲಸಗಾರನಿಗೆ ಈ ಒಂದು ರಕ್ತಪರೀಕ್ಷೆಯಿಂದ ಚಿಕಿತ್ಸೆಯ ದಾರಿಯೇ ಬದಲಾಗಬಹುದು.

ಚಿಕಿತ್ಸೆಯಿಲ್ಲದ ಕಾಲದಲ್ಲಿ ಪಾಲಿಆರ್ಟರೈಟಿಸ್ ನೋಡೋಸಾ ಬಂದವರಲ್ಲಿ ಐದು ವರ್ಷ ಬದುಕುತ್ತಿದ್ದವರು ನೂರಕ್ಕೆ ಸುಮಾರು 13 ಮಂದಿ ಮಾತ್ರ. ಈಗಿನ ಚಿಕಿತ್ಸೆಯಿಂದ ಅದು ನೂರಕ್ಕೆ ಸುಮಾರು 80ಕ್ಕೆ ಏರಿದೆ. ಈ ಲಾಭ ದೊರೆಯಬೇಕಾದರೆ ರೋಗವನ್ನು ಕರುಳು ಸಾಯುವ ಮೊದಲೇ ಗುರುತಿಸಬೇಕು.

ರೋಗಿಗಳು ಮತ್ತು ಮನೆಯವರು ಗಮನಿಸಬೇಕಾದ ಸಂಗತಿಗಳು

ಹೊಟ್ಟೆ, ಚರ್ಮ, ನರ, ಮೂತ್ರಪಿಂಡ ಇವುಗಳ ತಜ್ಞರು ಒಂದೇ ಸೂರಿನಡಿ ಇರುವ ಆಸ್ಪತ್ರೆ ಇಂತಹ ರೋಗಿಗೆ ಅನುಕೂಲ. ಪುಣೆಯಲ್ಲಿ 1867ರಿಂದ ಸೇವೆ ಸಲ್ಲಿಸುತ್ತಿರುವ ಸಸೂನ್ ಆಸ್ಪತ್ರೆ ಮತ್ತು ಅದಕ್ಕೆ ಸೇರಿದ, 1946ರಲ್ಲಿ ಸ್ಥಾಪಿತವಾದ ಬಿ.ಜೆ. ವೈದ್ಯಕೀಯ ಕಾಲೇಜು ಸಾರ್ವಜನಿಕರಿಗೆ ಅಂತಹ ನೆಲೆ. ಕರ್ನಾಟಕದಲ್ಲಿಯೂ ಜಿಲ್ಲೆಯ ಅಥವಾ ಸಮೀಪದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಆದರೆ ಎಲ್ಲಿಗೆ ಹೋದರೂ ರೋಗಿ ಅಥವಾ ಮನೆಯವರು ಈ ಕೆಳಗಿನವುಗಳನ್ನು ಮಾಡಬೇಕು:

1. ಹಳೆಯ ಚೀಟಿ, ಪರೀಕ್ಷಾ ವರದಿ, ಸ್ಕ್ಯಾನ್ ಚಿತ್ರಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಚೀಲದಲ್ಲಿ ಇಟ್ಟು ಒಯ್ಯಬೇಕು.
2. ಹೊಟ್ಟೆಯ ವೈದ್ಯರಿಗೆ ಕಾಲಿನ ಜೋಮನ್ನೂ, ಚರ್ಮದ ವೈದ್ಯರಿಗೆ ಹೊಟ್ಟೆನೋವನ್ನೂ ತಪ್ಪದೆ ತಿಳಿಸಬೇಕು.
3. ಚರ್ಮದ ಕಲೆಗಳು ಮಾಸಿಹೋಗುವುದರಿಂದ ಕಂಡಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು.
4. ಸೇವಿಸಿದ ಎಲ್ಲ ಔಷಧಿಗಳನ್ನೂ, ಹೆಸರಿಲ್ಲದ ಪುಡಿ ಮತ್ತು ಗುಳಿಗೆಗಳನ್ನೂ ಮುಚ್ಚಿಡದೆ ಹೇಳಬೇಕು. ಅಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ರೋಗದ ಲಕ್ಷಣಗಳು ಮರೆಯಾಗುತ್ತವೆ.
5. ವೈದ್ಯರು ಕೊಟ್ಟ ಸ್ಟೀರಾಯ್ಡ್ ಮಾತ್ರೆಗಳನ್ನು ನೋವು ಕಡಿಮೆಯಾಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಒಮ್ಮೆಲೇ ನಿಲ್ಲಿಸುವುದು ಅಪಾಯಕರ.
6. ಕೆಲಸಕ್ಕಾಗಿ ಊರು ಬದಲಾಯಿಸುವವರು ಮುಂದಿನ ಪರೀಕ್ಷೆಯ ದಿನಾಂಕವನ್ನು ಬರೆಸಿಕೊಂಡು ಹೋಗಬೇಕು. ಈ ರೋಗ ಮರುಕಳಿಸುವುದುಂಟು.

ರಕ್ತನಾಳಗಳು ದೇಹದ ಎಲ್ಲ ಅಂಗಗಳನ್ನೂ ಒಂದಕ್ಕೊಂದು ಜೋಡಿಸುತ್ತವೆ. ಆದುದರಿಂದ ಅವುಗಳ ರೋಗವೂ ಒಂದೇ ಅಂಗದಲ್ಲಿ ನಿಲ್ಲುವುದಿಲ್ಲ. ಊಟದ ನಂತರದ ನೋವು, ಜಾರುವ ಚಪ್ಪಲಿ, ಕಾಲಿನ ನೇರಳೆ ಗೆರೆ ಇವು ಬಿಡಿಬಿಡಿಯಾಗಿ ನೋಡಿದಾಗ ಕ್ಷುಲ್ಲಕವೆನಿಸುತ್ತವೆ. ಜೊತೆಗೂಡಿಸಿ ನೋಡಿದಾಗ ಒಂದು ಜೀವವನ್ನು ಉಳಿಸುವ ಸುಳಿವಾಗುತ್ತವೆ. ಅವುಗಳನ್ನು ಜೊತೆಗೂಡಿಸಿ ಹೇಳುವುದು ರೋಗಿಯ ಹೊಣೆ. ಜೊತೆಗೂಡಿಸಿ ಕೇಳುವುದು ವೈದ್ಯರ ಹೊಣೆ. ಇಬ್ಬರೂ ತಮ್ಮ ಪಾಲನ್ನು ನಿರ್ವಹಿಸಿದರೆ ಈ ಅಪರೂಪದ ರೋಗವನ್ನು ಸಕಾಲದಲ್ಲಿ ಗುರುತಿಸಿ ಹತೋಟಿಗೆ ತರುವುದು ಸಾಧ್ಯ.